ಅಕೌಂಟ್ಸ್ ಕೆಲಸದ ರೆಸ್ಯೂಮೆ: ತಪ್ಪೆಲ್ಲಿ?

ಹುಬ್ಬಳ್ಳಿ_ಬಿಕಾಂ
ಬಿ.ಕಾಂ ಆಗಿದೆ, ಆಡಿಟರ್ ಆಫೀಸಿನಲ್ಲಿ ಎರಡು ವರ್ಷದ ಅನುಭವ. ಬೆಂಗಳೂರಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್ ಕೆಲಸಗಳಿಗೆ ಅರ್ಜಿ ಹಾಕ್ತಿದ್ದೀನಿ, ಕರೆ ಬರ್ತಿಲ್ಲ. ರೆಸ್ಯೂಮೆ ಎರಡು ಪುಟ, ಎರಡು ಕಾಲಮ್, ಫೋಟೊ ಇದೆ. "ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್ ಗೊತ್ತು" ಅಂತ ಹಾಕಿದ್ದೀನಿ. ಏನು ಬದಲಾಯಿಸಲಿ?

ಲೆಡ್ಜರ್_ಶಿವಮೊಗ್ಗ
ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ ನೋಡಿ. ಎಡ ಕಾಲಮ್ಮಿನ ಸಾಲು ಬಲದ್ದರ ಜೊತೆ ಕಲಸಿಕೊಂಡು ಬಂದರೆ, ಜಾಬ್ ಪೋರ್ಟಲ್ಲಿನ ಸಾಫ್ಟ್‌ವೇರಿಗೂ ಬಹುಶಃ ಹಾಗೇ ಕಾಣ್ತಿದೆ. ಏನೂ ಪೇಸ್ಟ್ ಆಗದಿದ್ದರೆ ಅದು ಬರೀ ಚಿತ್ರ. ವರ್ಡ್‌ನಲ್ಲಿ ಒಂದೇ ಕಾಲಮ್ಮಿನಲ್ಲಿ, ಟೇಬಲ್, ಟೆಕ್ಸ್ಟ್ ಬಾಕ್ಸ್ ಇಲ್ಲದೆ, 11 ಸೈಜಿನಲ್ಲಿ ಮತ್ತೆ ಟೈಪ್ ಮಾಡಿ. ಮೊಬೈಲ್ ನಂಬರ್ ಹೆಡರ್‌ನಲ್ಲಿ ಬೇಡ, ಕೆಲವು ಸಾಫ್ಟ್‌ವೇರ್ ಅದನ್ನು ಓದೋದೇ ಇಲ್ಲ. ಎರಡು ವರ್ಷಕ್ಕೆ ಒಂದು ಪುಟ ಧಾರಾಳ.

ತಾಳೆಪಟ್ಟಿ
ಲೇಔಟ್ ಸರಿಹೋದರೂ "ಜಿಎಸ್‌ಟಿ ಗೊತ್ತು" ಉಳಿದರೆ ಪ್ರಯೋಜನ ಇಲ್ಲ. ಎಂಟ್ರಿ ಹಾಕ್ತಿದ್ರಾ, ರಿಟರ್ನ್ ಮಾಡ್ತಿದ್ರಾ? ಅದನ್ನು ಬರೀರಿ: ಎಷ್ಟು ಕ್ಲೈಂಟ್‌ಗಳಿಗೆ ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್), 20ರೊಳಗೆ 3ಬಿ (ತೆರಿಗೆ ಕಟ್ಟೋ ಸಾರಾಂಶ ರಿಟರ್ನ್) ತಯಾರು ಮಾಡಿದ್ರಿ, ಖರೀದಿ ರಿಜಿಸ್ಟರನ್ನು 2ಬಿ (ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ) ಜೊತೆ ತಾಳೆ ನೋಡಿದ್ರಾ, ಬ್ಯಾಂಕ್ ರೀಕನ್ಸಿಲಿಯೇಷನ್ (ಲೆಕ್ಕವನ್ನು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡೋದು), ಟಿಡಿಎಸ್ ತ್ರೈಮಾಸಿಕ ರಿಟರ್ನ್ ಮಾಡಿದ್ರಾ. ಸಂಖ್ಯೆ ನಿಜವಾದ್ದೇ ಇರಲಿ, ಇಂಟರ್‌ವ್ಯೂನಲ್ಲಿ ಕೆದಕೋದು ಅದನ್ನೇ. ಎಕ್ಸೆಲ್ ಅಂದ್ರೆ ಪಿವಟ್, ವಿಲುಕಪ್ ಅಂತ ಹೆಸರು ಹೇಳಿ. ಐದರಲ್ಲಿ ನಾಲ್ಕು ಸ್ಟಾರ್ ಹಾಕ್ಕೊಳ್ಳೋದು ಬೇಡ, ಕೊಟ್ಟೋರು ಯಾರು ಆ ಸ್ಟಾರು? ಕ್ಲೈಂಟ್‌ಗಳ ಹೆಸರೂ ಬೇಡ. "ಅಕ್ಕಿ ಗಿರಣಿ", "ಜವಳಿ ಸಗಟು" ಅಂದ್ರೆ ಸಾಕು. ಹೆಸರು ಬಿಟ್ಟುಕೊಟ್ಟರೆ ನಾಳೆ ನಮ್ಮ ಲೆಕ್ಕವನ್ನೂ ಹೀಗೇ ಹೇಳ್ತಾರೆ ಅಂತ ಕೆಲಸ ಕೊಡೋರಿಗೆ ಅನ್ನಿಸುತ್ತೆ.

ಎಚ್‌ಆರ್_ಕಿಟಕಿ
ಆಧಾರ್, ಪ್ಯಾನ್ ನಂಬರ್ ಹಾಕಿದ್ದರೆ ಈಗಲೇ ತೆಗೀರಿ, ಆ ಫೈಲು ಯಾರ್ಯಾರ ಕೈಗೋ ಹೋಗುತ್ತೆ. ತಂದೆ ಹೆಸರು, ಧರ್ಮ, ಕೊನೆಯ ಡಿಕ್ಲರೇಷನ್ ಕೂಡ ಜಾಗ ತಿನ್ನುತ್ತವೆ ಅಷ್ಟೇ. ಫೋಟೊ ಕೇಳಿದ್ದರೆ ಮಾತ್ರ.

ಸೇರಿದ, ಬಿಟ್ಟ ದಿನಾಂಕಗಳ ಬಗ್ಗೆ ಹುಷಾರು. ಪಿಎಫ್ ಇದ್ದರೆ ಯುಎಎನ್‌ನಲ್ಲಿ (ಪಿಎಫ್‌ನ ಕಾಯಂ ನಂಬರ್) ಅವು ದಾಖಲಾಗಿರುತ್ತವೆ, ವೆರಿಫಿಕೇಷನ್ ಮಾಡೋರು ಹೋಲಿಸ್ತಾರೆ. ಆದರೆ 20ಕ್ಕಿಂತ ಕಡಿಮೆ ಜನರ ಆಫೀಸಿಗೆ ಸಾಮಾನ್ಯವಾಗಿ ಪಿಎಫ್ ಕಡ್ಡಾಯವಲ್ಲ, ಸಣ್ಣ ಆಡಿಟರ್ ಆಫೀಸುಗಳಲ್ಲಿ ಇರೋದು ಕಮ್ಮಿ. ಆಗ ಲೆಟರ್‌ಹೆಡ್ಡಿನಲ್ಲಿ ಹುದ್ದೆ, ಎರಡೂ ದಿನಾಂಕ, ಸಹಿ, ಸೀಲು ಇರುವ ಅನುಭವ ಪತ್ರ ಈಗಲೇ ತಗೊಳ್ಳಿ.

ಹುಬ್ಬಳ್ಳಿ_ಬಿಕಾಂ
ಥ್ಯಾಂಕ್ಸ್. ಸಿಎ ಇಂಟರ್ ಒಂದು ಗ್ರೂಪ್ ಆಗಿದೆ, ಇನ್ನೊಂದು ಬಾಕಿ. ಹಾಕಬಹುದಾ?

ತಾಳೆಪಟ್ಟಿ
ಖಂಡಿತ ಹಾಕಿ. ಆದರೆ ಬರೀ "ಸಿಎ ಇಂಟರ್" ಅಂದ್ರೆ ಎರಡೂ ಗ್ರೂಪ್ ಆಗಿದೆ ಅಂತ ಓದ್ಕೋತಾರೆ, ಮಾರ್ಕ್ಸ್ ಶೀಟ್ ಕೇಳಿದಾಗ ಸಿಕ್ಕಿಬೀಳ್ತೀರಿ. "ಇಂಟರ್, ಗ್ರೂಪ್ 1 ಪಾಸ್" ಅಂತ ಬರೆದು ತಿಂಗಳು, ವರ್ಷ ಹಾಕಿ.