ಕಿಟಾದ ಹುಟ್ಟುಹಬ್ಬಕ್ಕೆ ಯಾವ ಕೇಕು? ಮೊಟ್ಟೆ ಬಳಸದ ಮನೆಯಿಂದ ಒಂದು ಉತ್ತರ

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ಜರ್ಮನಿಯ ಡ್ರೆಸ್ಡನ್ನಿಗೆ ಬಂದು ನೆಲೆಸಿರುವ ಸಹೋದರಿಯೊಬ್ಬರು ಕಳೆದ ವಾರ ನಮ್ಮ ಕನ್ನಡಿಗರ ಈ ಗುಂಪಿನಲ್ಲಿ ಒಂದು ಪ್ರಶ್ನೆ ಕೇಳಿದ್ದರು. ಮಗನ ನಾಲ್ಕನೆಯ ಹುಟ್ಟುಹಬ್ಬಕ್ಕೆ ಕಿಟಾದವರು, ಅಂದರೆ ಇಲ್ಲಿನ ಶಿಶುವಿಹಾರದವರು, ಕೇಕು ತರಲು ಹೇಳಿದ್ದಾರೆ, ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ, ಅಂಗಡಿಯಿಂದ ಏನಾದರೂ ತಂದುಕೊಟ್ಟು ಸುಮ್ಮನಾಗಬಹುದೇ ಎಂಬುದು ಅವರ ಸಂದೇಹ. ಹನ್ನೊಂದು ವರ್ಷಗಳಿಂದ ಇದೇ ಊರಿನಲ್ಲಿ ಇಬ್ಬರು ಮಕ್ಕಳನ್ನು ಬೆಳೆಸುತ್ತಿರುವ ನನಗೆ, ಇದಕ್ಕೆ ಒಂದೆರಡು ಸಾಲಿನಲ್ಲಿ ಉತ್ತರಿಸಿದರೆ ಸಾಲದು ಎನಿಸಿತು.

ನಾವು ಕೇಕು ಎಂದೊಡನೆ ಕೆನೆಯ ಹೂವುಗಳಿಂದ ಅಲಂಕರಿಸಿದ್ದನ್ನು ನೆನೆಯುತ್ತೇವೆ. ಜರ್ಮನರು ಅಂಥದ್ದನ್ನು ಟೋರ್ಟೆ ಎಂದು ಬೇರೆಯಾಗಿಯೇ ಕರೆಯುತ್ತಾರೆ. ಭಾನುವಾರ ಮಧ್ಯಾಹ್ನ ಮೂರು ನಾಲ್ಕು ಗಂಟೆಯ ಕಾಫಿಗೆ ಮನೆಮನೆಯಲ್ಲೂ ಬೇಯುವುದು ಕೂಖನ್, ಅಂದರೆ ಹಿಟ್ಟು, ಬೆಣ್ಣೆ ಮತ್ತು ಆಯಾ ಕಾಲದ ಹಣ್ಣಿನಿಂದಾದ ಸರಳ ಕೇಕು. ಕಿಟಾದ ಮಕ್ಕಳು ಇಷ್ಟಪಟ್ಟು ತಿನ್ನುವುದೂ ಅದನ್ನೇ. ಈ ಕೂಖನ್‌ಗಳಲ್ಲಿ ಈಸ್ಟ್ ಹಿಟ್ಟಿನಿಂದ ಮಾಡುವಂಥವಕ್ಕೆ ಮೊಟ್ಟೆ ಬೇಕೇಬೇಕೆಂದಿಲ್ಲ ಎಂಬುದು ನನಗೆ ತಿಳಿದದ್ದು ಮೂರನೆಯ ವರ್ಷದಲ್ಲಿ, ಕೆಳಮನೆಯ ಜರ್ಮನ್ ಅಜ್ಜಿಯೊಬ್ಬರಿಂದ. ಅವರು ಒಂದು ತಟ್ಟೆ ಕೇಕು ಕೊಟ್ಟಿದ್ದರು. ತಟ್ಟೆಯನ್ನು ಖಾಲಿಯಾಗಿ ಹಿಂತಿರುಗಿಸಬಾರದೆಂದು ನಾನು ರವೆ ಉಂಡೆ ಇಟ್ಟುಕೊಟ್ಟೆ. ಹೀಗೆ ನಮ್ಮ ಪಾಕಶಾಲೆಗಳ ನಡುವಿನ ಮಾತು ಬೆಳೆಯಿತು.

ಆ ಸಹೋದರಿಗೆ ನನ್ನ ಸಲಹೆ ಆಪಲ್ ಸ್ಟ್ರಾಯ್ಸೆಲ್‌ಕೂಖನ್, ಅಂದರೆ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆಯ ಹರಳುಪುಡಿ ಉದುರಿಸಿ ಬೇಯಿಸಿದ ಸೇಬಿನ ಕೇಕು. 26 ಸೆಂಟಿಮೀಟರ್ ಅಚ್ಚಿಗೆ 250 ಗ್ರಾಂ ಹಿಟ್ಟು, 7 ಗ್ರಾಂ ಒಣ ಈಸ್ಟ್ ಪೊಟ್ಟಣದ ಅರ್ಧ, 125 ಮಿಲಿಲೀಟರ್ ಹಾಲು, ತಲಾ 40 ಗ್ರಾಂ ಬೆಣ್ಣೆ ಮತ್ತು ಸಕ್ಕರೆ, ಒಂದು ಚಿಟಿಕೆ ಉಪ್ಪು ಸಾಕು. ಇಲ್ಲಿನ ಹಿಟ್ಟಿನ ಪೊಟ್ಟಣಗಳ ಮೇಲಿರುವ 405, 550, 1050 ಎಂಬ ಸಂಖ್ಯೆಗಳು, ನೂರು ಗ್ರಾಂ ಹಿಟ್ಟನ್ನು ಸುಟ್ಟಾಗ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಎಂಬುದನ್ನು ಸೂಚಿಸುತ್ತವೆ. ಸಂಖ್ಯೆ ಕಡಿಮೆಯಾದಷ್ಟೂ ಹಿಟ್ಟು ಬಿಳುಪು, ಹಾಗಾಗಿ ನಮ್ಮ ಮೈದಾಕ್ಕೆ ಹತ್ತಿರವಾದದ್ದು 405. ಹಾಲು ಬೆಚ್ಚಗಿರಬೇಕೇ ಹೊರತು ಬಿಸಿಯಾಗಿರಬಾರದು. ಮೊದಲ ಸಲ ನಾನು ಕಾದ ಹಾಲನ್ನೇ ಸುರಿದು ಈಸ್ಟನ್ನು ಕೊಂದಿದ್ದೆ, ಕೇಕು ಹಲಗೆಯಂತಾಗಿತ್ತು. ಇನ್ನು ಹಿಟ್ಟು ಉಬ್ಬಿಸುವ ವಿದ್ಯೆಯನ್ನು ಈ ಗುಂಪಿನವರಿಗೆ ಹೇಳಿಕೊಡಬೇಕಾಗಿಲ್ಲ. ಜನವರಿಯ ಚಳಿಯಲ್ಲಿ ದೋಸೆ ಹಿಟ್ಟನ್ನು ಓವನ್ನಿನ ದೀಪದ ಬೆಳಕಿನಲ್ಲಿಯೋ ಹೀಟರಿನ ಪಕ್ಕದಲ್ಲಿಯೋ ಇಟ್ಟು ಹುಳಿ ಬರಿಸಿದವರಿಗೆ, ಈಸ್ಟ್ ಹಿಟ್ಟನ್ನು ಎಲ್ಲಿಡಬೇಕೆಂಬುದು ಚೆನ್ನಾಗಿ ಗೊತ್ತು.

ಮೇಲೆ ಉದುರಿಸುವ ಸ್ಟ್ರಾಯ್ಸೆಲ್‌ಗೆ 200 ಗ್ರಾಂ ಹಿಟ್ಟು, 100 ಗ್ರಾಂ ತಣ್ಣನೆಯ ಬೆಣ್ಣೆ, 100 ಗ್ರಾಂ ಸಕ್ಕರೆ. ಕೋಡುಬಳೆಯ ಹಿಟ್ಟಿಗೆ ಬೆಣ್ಣೆ ಹಾಕಿ ಬೆರಳಲ್ಲಿ ಉಜ್ಜಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲುತ್ತದೆಯೇ ಎಂದು ನೋಡುತ್ತೇವಲ್ಲ, ಇಲ್ಲಿಯೂ ಅದೇ ಪರೀಕ್ಷೆ. ಉಬ್ಬಿದ ಹಿಟ್ಟನ್ನು ಅಚ್ಚಿನಲ್ಲಿ ಹರಡಿ, ಮೂರು ನಾಲ್ಕು ಸೇಬುಗಳ ಹೋಳುಗಳನ್ನು ಒತ್ತಾಗಿ ಜೋಡಿಸಿ, ಸ್ಟ್ರಾಯ್ಸೆಲ್ ಉದುರಿಸಿ, ಮೇಲೂ ಕೆಳಗೂ ಕಾವಿರುವಂತೆ 180 ಡಿಗ್ರಿಯಲ್ಲಿ, ಫ್ಯಾನ್ ಹಾಕಿದರೆ 160 ಡಿಗ್ರಿಯಲ್ಲಿ, ಸುಮಾರು ನಲವತ್ತು ನಿಮಿಷ ಬೇಯಿಸಬೇಕು. ಅನೇಕ ಕಿಟಾಗಳು ಹಸಿ ಕೆನೆ ಹಾಕಿದ್ದನ್ನೂ ಬಾದಾಮಿ, ಹೇಜಲ್‌ನಟ್ ಮುಂತಾದವನ್ನೂ ಒಪ್ಪುವುದಿಲ್ಲವಾದ್ದರಿಂದ, ಮೊದಲೇ ಶಿಕ್ಷಕಿಯರನ್ನು ಕೇಳಿ, ಬಳಸಿದ ಪದಾರ್ಥಗಳನ್ನು ಚೀಟಿಯಲ್ಲಿ ಬರೆದುಕೊಡುವುದು ಒಳ್ಳೆಯದು.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ಮಕ್ಕಳು ಕನ್ನಡ ಮಾತನಾಡುವುದಿಲ್ಲ ಎಂಬ ಕೊರಗು ಈ ಗುಂಪಿನಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ನನ್ನ ಮಗಳಿಗೆ ನಾನು ವಾರಕ್ಕೊಮ್ಮೆ ಅಕ್ಷರಮಾಲೆ ಹಿಡಿದು ಕುಳಿತಾಗ ಬಾರದ ಕನ್ನಡ, ಈ ಜರ್ಮನ್ ಕೇಕುಗಳನ್ನು ಕನ್ನಡದಲ್ಲಿ ಮಾಡತೊಡಗಿದಾಗ ಬಂತು. ಜರಡಿ ಹಿಡಿ, ಕಲಸು, ನಾದು, ಗಂಟಾಗದಂತೆ ಗೊಟಾಯಿಸು, ಹದ ನೋಡು ಎಂಬ ಮಾತುಗಳನ್ನು ಯಾರೂ ಅವಳಿಗೆ ಅರ್ಥ ಹೇಳಿ ಕಲಿಸಲಿಲ್ಲ. ಹಿಟ್ಟು ಕೈಗೆ ಅಂಟಿದ ಹಾಗೆ ಅವೂ ಅಂಟಿಕೊಂಡವು. ಹಬ್ಬದ ಅಡುಗೆ ನಮ್ಮ ಮನೆಯಲ್ಲಿ ವರ್ಷಕ್ಕೆ ಕೆಲವೇ ಸಲ, ಆದರೆ ಭಾನುವಾರ ಪ್ರತಿವಾರವೂ ಬರುತ್ತದೆ, ಮತ್ತು ತನ್ನ ಗೆಳತಿಯರ ಮನೆಯಲ್ಲಿಯೂ ಇರುವ ತಿನಿಸನ್ನು ಮಾಡಲು ಮಗುವಿಗೆ ತಾನಾಗಿಯೇ ಉತ್ಸಾಹ ಬರುತ್ತದೆ. ಆ ಉತ್ಸಾಹಕ್ಕೆ ನಮ್ಮ ಭಾಷೆಯನ್ನು ಜೊತೆಮಾಡಿದರೆ ಸಾಕು ಎಂಬುದು ನನ್ನ ಅನುಭವ.

ಇದಕ್ಕೆ ಅತ್ಯುತ್ತಮವಾದದ್ದು ಮೋನ್‌ಕೂಖನ್, ಅಂದರೆ ಗಸಗಸೆ ಕೇಕು. ಸೈಲೀಷಿಯಾ ಪ್ರಾಂತದ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಕೇಕು ಡ್ರೆಸ್ಡನ್ ಇರುವ ನಮ್ಮ ಸ್ಯಾಕ್ಸನಿ ರಾಜ್ಯದ ಬೇಕರಿಗಳಲ್ಲೆಲ್ಲ ಇದೆ. ನಾವು ಬಳಸುವುದು ಬಿಳಿ ಗಸಗಸೆ, ಇವರದು ನೀಲಿಗಪ್ಪು. ಅರ್ಧ ಲೀಟರ್ ಹಾಲು ಕುದಿಸಿ, ಅದಕ್ಕೆ 250 ಗ್ರಾಂ ಗಸಗಸೆ ಪುಡಿ, 100 ಗ್ರಾಂ ಸಕ್ಕರೆ, 50 ಗ್ರಾಂ ಬೆಣ್ಣೆ ಹಾಗೂ 60 ಗ್ರಾಂ ಗ್ರೀಸ್, ಅಂದರೆ ನಮ್ಮ ಚಿರೋಟಿ ರವೆಯಂಥದ್ದೇ ರವೆ, ಹಾಕಿ ಗಟ್ಟಿಯಾಗುವವರೆಗೆ ಗೊಟಾಯಿಸುತ್ತಾರೆ. ಅದನ್ನು ಮೇಲೆ ಹೇಳಿದ ಹಿಟ್ಟಿನ ಮೇಲೆ ಸೇಬಿನ ಬದಲು ಹರಡುತ್ತಾರೆ. ಗಸಗಸೆ ಪಾಯಸ ಬಲ್ಲವರಿಗೆ ಇದು ಅಪರಿಚಿತವೇ? ನಾನು ಎರಡು ಏಲಕ್ಕಿಯನ್ನೂ ಕುಟ್ಟಿ ಹಾಕುತ್ತೇನೆ. ಪುಡಿ ಬೇಗ ಕಮಟು ಹಿಡಿಯುವುದರಿಂದ ತಾಜಾ ಆಗಿ ತರಬೇಕು. ಗಸಗಸೆಯಲ್ಲಿ ಅಲ್ಪ ಪ್ರಮಾಣದ ಮಾರ್ಫೀನ್ ಇರಬಹುದಾದ ಕಾರಣ ಇದನ್ನು ತೀರ ಚಿಕ್ಕ ಮಕ್ಕಳಿಗೆ ಕೊಡುವುದು ಸಲ್ಲದು. ಆದ್ದರಿಂದಲೇ ಕಿಟಾಕ್ಕೆ ನಾನು ಸೇಬನ್ನು ಸೂಚಿಸಿದ್ದು.

ಸಸ್ಯಾಹಾರಿಗಳು ಜಾಗ್ರತೆ ವಹಿಸಬೇಕಾದದ್ದು ಬೇಯಿಸದ ಕೆನೆಯ ಟೋರ್ಟೆಗಳ ವಿಷಯದಲ್ಲಿ, ಏಕೆಂದರೆ ಅವು ನಿಲ್ಲುವುದು ಬಹುಮಟ್ಟಿಗೆ ಪ್ರಾಣಿಜನ್ಯ ಜೆಲಟಿನ್‌ನಿಂದ. ಮನೆಯಲ್ಲಿ ಅದರ ಬದಲು ಕಡಲಪಾಚಿಯಿಂದಾದ ಅಗರ್ ಅಗರ್ ಬಳಸಬಹುದು.

ನವೆಂಬರ್ ಬಂದರೆ ನಮ್ಮ ಊರಿನ ಹೆಮ್ಮೆಯಾದ ಸ್ಟೋಲನ್‌ಗೂ, ಅಂದರೆ ಒಣದ್ರಾಕ್ಷಿ ಹಾಕಿದ ಕ್ರಿಸ್‌ಮಸ್ ಕೇಕಿಗೂ, ಕೈಹಾಕಿ. ಸಾಂಪ್ರದಾಯಿಕ ಸ್ಟೋಲನ್ನಿಗೂ ಮೊಟ್ಟೆ ಇಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ದಿನಗಳು ಒಂದು ಕಾಲದಲ್ಲಿ ಉಪವಾಸದ ದಿನಗಳಾಗಿದ್ದು, ಬೆಣ್ಣೆ ನಿಷಿದ್ಧವಾಗಿತ್ತು; ಹಿಟ್ಟು, ನೀರು, ಎಣ್ಣೆಗಳ ಸಪ್ಪೆ ರೊಟ್ಟಿಯಂತಿದ್ದ ಇದಕ್ಕೆ ಬೆಣ್ಣೆ ಹಾಕಲು ಸ್ಯಾಕ್ಸನಿಯ ಅರಸರು ಮೊರೆಯಿಟ್ಟ ಮೇಲೆ, 1491ರಲ್ಲಿ ಪೋಪ್ ಎಂಟನೆಯ ಇನ್ನೊಸೆಂಟ್ ಅನುಮತಿ ಕೊಟ್ಟರು. ಆ ಪತ್ರಕ್ಕೆ ಇಂದಿಗೂ ಬೆಣ್ಣೆಯ ಪತ್ರವೆಂದೇ ಹೆಸರು. ಏಕಾದಶಿಯಂದು ಏನು ತಿನ್ನಬಹುದು, ಏನು ತಿನ್ನಬಾರದು ಎಂಬ ಚರ್ಚೆ ಕೇಳುತ್ತ ಬೆಳೆದ ನನಗೆ ಈ ಕಥೆ ಬಲು ಹತ್ತಿರದ್ದಾಗಿ ಕಂಡಿತು. ಒಣದ್ರಾಕ್ಷಿಯನ್ನು ರಮ್ ಬದಲು ಕಿತ್ತಳೆ ರಸದಲ್ಲಿ ನೆನೆಸುತ್ತೇನೆ. ಬೆಂದ ಕೂಡಲೇ ಕರಗಿದ ಬೆಣ್ಣೆ ಸವರಿ, ಸಕ್ಕರೆ ಪುಡಿ ದಟ್ಟವಾಗಿ ಉದುರಿಸಿ, ಆರಿದ ಬಳಿಕ ಬಿಗಿಯಾಗಿ ಸುತ್ತಿ, ತಂಪು ಜಾಗದಲ್ಲಿ ಎರಡು ಮೂರು ವಾರ ಇಟ್ಟರೆ ಒಳಗೆ ಹದಗೊಳ್ಳುತ್ತದೆ.

ಡಿಸೆಂಬರ್ ರಜೆಯಲ್ಲಿ ದುಬೈ ಮಾರ್ಗವಾಗಿ ಬೆಂಗಳೂರಿಗೆ ಹೋಗುವವರು ಗಸಗಸೆ ಕೇಕನ್ನು ಮಾತ್ರ ಒಯ್ಯಬೇಡಿ, ಆ ದೇಶದಲ್ಲಿ ಗಸಗಸೆ ನಿಷಿದ್ಧ. ಮನೆಯವರಿಗೆ ಸ್ಟೋಲನ್ ಒಯ್ಯಿರಿ. ಅದು ಪ್ರಯಾಣ ತಡೆಯುತ್ತದೆ. ನಮ್ಮ ಅತ್ತೆಯವರು ಮೈಸೂರಿನಲ್ಲಿ ಅದನ್ನು ತೆಳುವಾಗಿ ಕತ್ತರಿಸಿ, ಸಂಕ್ರಾಂತಿಯವರೆಗೂ ಫಿಲ್ಟರ್ ಕಾಫಿಯ ಜೊತೆ ದಿನಕ್ಕೊಂದು ಹೋಳಿನಂತೆ ತಿನ್ನುತ್ತಾರೆ.