‘ಸುಣ್ಣ ಹಾಕಿ’ ಎಂದರೆ ಯಾವ ಸುಣ್ಣ? ಹುಳಿ ಮಣ್ಣು, ರಸಸಾರ, ಸುಧಾರಕ

ಪ್ರಶ್ನೆ: ಕರಾವಳಿಯ ಕೈತೋಟದವರಿಗಾಗಿ ಬರೆದ ಕೈಪಿಡಿಯೊಂದರ ಕರಡಿನಲ್ಲಿ ಹೀಗಿದೆ: ‘ಆಮ್ಲೀಯ ಮಣ್ಣಿನ ರಸಸಾರ ಹೆಚ್ಚಿಸಲು ಸಾವಯವ ಗೊಬ್ಬರ, ಸುಣ್ಣ ಹಾಕಿ’. ‘ಹುಳಿ ಮಣ್ಣು’ ಎಂದರೆ ಸಾಲದೆ? ಮಣ್ಣಿಗೆ ಸೇರಿಸುವುದನ್ನೆಲ್ಲ ಗೊಬ್ಬರ ಎನ್ನಬಹುದೆ? ತಿಳಿದವರು ಹೇಳಬೇಕು.

ಉತ್ತರ: ಹುಳಿ ಮಣ್ಣು ಎಂದೇ ಬರೆಯಿರಿ, ಎಲ್ಲರಿಗೂ ತಿಳಿಯುತ್ತದೆ. ತೊಡಕಿರುವುದು ‘ರಸಸಾರ’ದಲ್ಲಿ. ರಸವೂ ಸಾರವೂ ಹೆಚ್ಚಿದಷ್ಟು ಒಳ್ಳೆಯದು ಅನಿಸುವ ಮಾತುಗಳು. ‘ರಸಸಾರ ಕಡಿಮೆ’ ಎಂದರೆ ಮಣ್ಣಿನಲ್ಲಿ ಸತ್ವವಿಲ್ಲ ಎಂದು ಓದುವವರೇ ಹೆಚ್ಚು. ಆದರೆ ಅದು ಹುಳಿಯ ಅಳತೆ (ಪಿಎಚ್), ಅದೂ ತಿರುಗುಮುರುಗಾದ ಅಳತೆ. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಂಕಿ ಇಳಿದಷ್ಟೂ ಹುಳಿ ಏರುತ್ತದೆ, 6ಕ್ಕಿಂತ 5ರಲ್ಲಿ ಹತ್ತು ಪಟ್ಟು. ಮಣ್ಣು ಪರೀಕ್ಷೆಯ ವರದಿಯಲ್ಲಿ ಇದೇ ಪದ ಬರುವುದರಿಂದ ಬಿಡುವಂತಿಲ್ಲ. ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಡಿ.

ಗೊಬ್ಬರ ಗಿಡಕ್ಕೆ ಉಣಿಸು, ಸುಧಾರಕ ಮಣ್ಣಿನ ಗುಣ ತಿದ್ದುವಂಥದ್ದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡನ್ನೂ ಮಾಡುತ್ತದೆ. ಚದರ ಮೀಟರಿಗೆ 2–3 ಕಿಲೋ ಬೆರೆಸಿದರೆ ಮಣ್ಣು ಸಡಿಲವಾಗಿ ನೀರು ಹಿಡಿಯುತ್ತದೆ, ಹುಳಿಯಲ್ಲಿ ಕರಗಿ ಬೇರನ್ನು ಮೊಂಡು ಮಾಡುವ ಅಲ್ಯೂಮಿನಿಯಂ ಅದಕ್ಕೆ ಅಂಟಿಕೊಳ್ಳುತ್ತದೆ. ರಸಸಾರದ ಅಂಕಿ ಮಾತ್ರ ಅದರಿಂದ ಹೆಚ್ಚೇನೂ ಕದಲದು. ಅದಕ್ಕೆ ಸುಣ್ಣವೇ ಬೇಕು.

ನೀವು ಕೇಳದೆ ಬಿಟ್ಟ ಈ ಪದವೇ ಕರಡಿನಲ್ಲಿ ಅಪಾಯದ್ದು! ಕನ್ನಡದಲ್ಲಿ ಸುಣ್ಣ ಒಂದೇ, ಚೀಲದೊಳಗಿನ ವಸ್ತು ಮೂರು: ಸುಡದ ಸುಣ್ಣಕಲ್ಲಿನ ಪುಡಿ, ಸುಟ್ಟ ಸುಣ್ಣ, ಸುಟ್ಟದ್ದಕ್ಕೆ ನೀರು ಹಾಕಿ ಅರಳಿಸಿದ ಸುಣ್ಣ. ವೀಳ್ಯಕ್ಕೆ ಹಚ್ಚುವುದು ಮೂರನೆಯದು, ಚಿಪ್ಪು ಸುಟ್ಟು ಮಾಡಿದ್ದಾದರೂ ಅಷ್ಟೇ. ಹುಳಿ ತಗ್ಗಿಸುವುದರಲ್ಲಿ 100 ಗ್ರಾಂ ಕಲ್ಲಿನ ಪುಡಿಗೆ 74 ಗ್ರಾಂ ಅರಳಿದ ಸುಣ್ಣ ಸಮ, ಸುಟ್ಟ ಸುಣ್ಣವಾದರೆ 56 ಗ್ರಾಂ. ಸುಟ್ಟ ಸುಣ್ಣ ನೀರು ಸೋಕಿದರೆ ಕುದಿಯುತ್ತದೆ, ಕಣ್ಣಿಗೆ ಬಿದ್ದರೆ ಕೆಟ್ಟದ್ದು. ಕೈತೋಟಕ್ಕೆ ಅದು ಬೇಡವೇ ಬೇಡ. ಕಲ್ಲಿನ ಪುಡಿ ನಿಧಾನ, ಆದರೆ ಕೈತಪ್ಪಿ ತುಸು ಹೆಚ್ಚು ಬಿದ್ದರೂ ತಾಳುತ್ತದೆ. ಅಳತೆ ಮೀರಿದರೆ ಕಬ್ಬಿಣ, ಸತು ಗಿಡಕ್ಕೆ ಸಿಗದೆ ಎಳೆ ಎಲೆ ಬಿಳಿಚಿಕೊಳ್ಳುತ್ತದೆ.

ಕರಡಿನ ಅಲ್ಪವಿರಾಮವೂ ತಪ್ಪು ದಾರಿ ತೋರಿಸುತ್ತದೆ. ‘ಗೊಬ್ಬರ, ಸುಣ್ಣ ಹಾಕಿ’ ಎಂದರೆ ಓದಿದವರು ಎರಡನ್ನೂ ಒಂದೇ ದಿನ ಬೆರೆಸುತ್ತಾರೆ. ಸುಣ್ಣ ತಾಗಿದ ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ, ಅರಳಿದ ಸುಣ್ಣವಾದರೆ ಮೂಗಿಗೇ ಘಾಟು ಹೊಡೆಯುತ್ತದೆ. ಒಲೆಯ ಬೂದಿಗೂ ಇದೇ ಮಾತು.

ಹೀಗೆ ತಿದ್ದಬಹುದು: ‘ಮಣ್ಣು ಪರೀಕ್ಷೆಯಲ್ಲಿ ರಸಸಾರ 5.5ಕ್ಕಿಂತ ಕೆಳಗಿದ್ದರೆ ಮಣ್ಣಿನ ಹುಳಿ ಹೆಚ್ಚಾಯಿತು. ಚದರ ಮೀಟರಿಗೆ 200 ಗ್ರಾಂ, ಮರಳು ಮಣ್ಣಾದರೆ 100 ಗ್ರಾಂ ಸುಡದ ಸುಣ್ಣಕಲ್ಲಿನ ಪುಡಿ ಎರಚಿ, ಗೇಣು ಆಳಕ್ಕೆ ಕೊಚ್ಚಿ ಬೆರೆಸಿ, ನೀರು ಕೊಡಿ. ಮೂರು ವಾರ ಬಿಟ್ಟು ಕಳಿತ ಗೊಬ್ಬರ ಸೇರಿಸಿ. ಮುಂದಿನ ವರ್ಷ ಮತ್ತೆ ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬೇಡಿ.’

ಅಂದಹಾಗೆ, ಜಿಪ್ಸಂ ಅನ್ನು ಸುಣ್ಣದ ಸಾಲಿಗೆ ಸೇರಿಸಬೇಡಿ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಅದರಲ್ಲೂ ಇದೆ ನಿಜ, ಆದರೆ ಅದು ಹುಳಿ ಮುರಿಯುವುದಿಲ್ಲ. ಅದರ ಜಾಗ ಕ್ಷಾರ ಮಣ್ಣು.