ಗ್ರೀಸ್‌ನಲ್ಲಿ ಯಾವ ದ್ವೀಪ? ಅಪ್ಪನಿಗೆ ಕೋಟೆ ಹುಚ್ಚು

ದುರ್ಗದವಳು:
ಸೆಪ್ಟೆಂಬರ್‌ನಲ್ಲಿ ಜರ್ಮನಿಗೆ ಅಕ್ಕನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ನಾಲ್ಕು ದಿನ ಗ್ರೀಸ್ ಅಂತ ಪ್ಲಾನ್. ಅಕ್ಕ ಸ್ಯಾಂಟೊರಿನಿ ಅಂತ ಹಟ ಹಿಡಿದಿದ್ದಾಳೆ. ಅಪ್ಪ ಬೆಳಗಾದರೆ ದುರ್ಗದ ಬೆಟ್ಟ ಹತ್ತೋ ಮನುಷ್ಯ, ಕೋಟೆ ಇದ್ದರೆ ಮಾತ್ರ ಬರುತ್ತೇನೆ ಅನ್ನುತ್ತಾರೆ. ರೋಡ್ಸ್ ಹೇಗೆ? ಅಮ್ಮ ಮೊಟ್ಟೆನೂ ಮುಟ್ಟಲ್ಲ.

ಕಂದಕಪ್ರೇಮಿ, ದಾವಣಗೆರೆ:
ಕಣ್ಣು ಮುಚ್ಚಿಕೊಂಡು ರೋಡ್ಸ್‌ಗೆ ಹೋಗಿ. ಸೇಂಟ್ ಜಾನ್ ಪಂಗಡದ ನೈಟ್‌ಗಳು, ಅಂದ್ರೆ ಆಸ್ಪತ್ರೆಯನ್ನೂ ನಡೆಸುತ್ತಾ ಕತ್ತಿಯನ್ನೂ ಹಿಡಿದಿದ್ದ ಸನ್ಯಾಸಿಗಳು, ಇನ್ನೂರು ವರ್ಷಕ್ಕೂ ಜಾಸ್ತಿ ಆಳಿದ ಊರು. ನಮ್ಮ ದುರ್ಗದಲ್ಲಿ ಅರ್ಧ ಕೆಲಸ ಬಂಡೆಗಳೇ ಮಾಡಿವೆ, ಅಲ್ವಾ? ಅಲ್ಲಿ ಊರು ಸಮುದ್ರದ ದಡದಲ್ಲಿದೆ, ಆಸರೆಗೆ ಅಂಥ ಬೆಟ್ಟ ಇಲ್ಲ, ಹಾಗಾಗಿ ಎಲ್ಲ ಭಾರ ಗೋಡೆ ಮತ್ತು ಕಂದಕದ ಮೇಲೆ. ಕಂದಕದಲ್ಲಿ ನೀರಿಲ್ಲ. ಒಳಗಿಳಿದು ನಡೆಯಬಹುದು, ಎರಡೂ ಕಡೆ ಗೋಡೆ, ಕಾಲ ಹತ್ತಿರ ಹುಲ್ಲಿನಲ್ಲಿ ಹಳೇ ಕಲ್ಲಿನ ಗುಂಡುಗಳು ಹಾಗೇ ಬಿದ್ದಿವೆ. ಅಪ್ಪನನ್ನು ಅಲ್ಲಿಂದ ಎಬ್ಬಿಸೋದು ಕಷ್ಟ, ಈಗಲೇ ಹೇಳಿದ್ದೇನೆ.

1480ರಲ್ಲಿ ತುರ್ಕರು ಮುತ್ತಿಗೆ ಹಾಕಿ ಸೋತು ಹೋದರು. ಆಮೇಲೆ ಫಿರಂಗಿಗೆ ತಡೆಯಲಿ ಅಂತ ನೈಟ್‌ಗಳು ಗೋಡೆ ದಪ್ಪ ಮಾಡಿದರು. ಗೋಡೆಯ ಒಂದೊಂದು ಭಾಗ ಒಂದೊಂದು ಕಡೆಯಿಂದ ಬಂದ ನೈಟ್‌ಗಳ ಪಾಲು: ಇಂಗ್ಲೆಂಡ್, ಇಟಲಿ, ಫ್ರಾನ್ಸ್ ಕಡೆಯ ಪ್ರೊವಾನ್ಸ್ ಹೀಗೆ. 1522ರಲ್ಲಿ ಸುಲ್ತಾನ್ ಸುಲೇಮಾನ್ ತಾನೇ ಬಂದು ತಿಂಗಳುಗಟ್ಟಲೆ ಕೂತ. ಕೊನೆಗೆ ಒಪ್ಪಂದವಾಗಿ, 1523ರ ಜನವರಿ 1ಕ್ಕೆ ನೈಟ್‌ಗಳು ಹಡಗು ಹತ್ತಿದರು. ಅಲ್ಲಿರೋ ನೈಟ್‌ಗಳ ಮುಖ್ಯಸ್ಥನ ದೊಡ್ಡ ಅರಮನೆ ನೋಡಿ ಜಾಸ್ತಿ ಮರುಳಾಗಬೇಡಿ, 1856ರ ಮದ್ದಿನ ಸ್ಫೋಟದಲ್ಲಿ ಹಾಳಾಗಿ, ಈಗಿನದು ಬಹುಪಾಲು ಇಟಲಿಯವರು 1930ರ ದಶಕದಲ್ಲಿ ಕಟ್ಟಿಸಿದ್ದು.

ಬೂದಿಗುಡ್ಡ:
ಸ್ಯಾಂಟೊರಿನಿ ಬರೀ ಫೋಟೋ ಜಾಗ ಅಂದುಕೊಳ್ಳಬೇಡಿ. ಸುಮಾರು 3600 ವರ್ಷದ ಹಿಂದೆ ಜ್ವಾಲಾಮುಖಿ ಸಿಡಿದು ದ್ವೀಪದ ನಡುಭಾಗವೇ ಕುಸಿಯಿತು. ಆ ಬಿಳಿ ಮನೆಗಳು ನಿಂತಿರೋದು ಅದೇ ಬಾಯಿಯ ಅಂಚಿನಲ್ಲಿ. ಬೂದಿಯಡಿ ಉಳಿದ ಅಕ್ರೋಟಿರಿ ಅನ್ನೋ ಊರಲ್ಲಿ ಮಹಡಿ ಮನೆಗಳೇ ಇವೆ. ಆದರೂ ನಾಲ್ಕು ದಿನಕ್ಕೆ ಎರಡು ದ್ವೀಪ ಬೇಡ, ಓಡಾಟದಲ್ಲೇ ಮುಗಿದುಹೋಗುತ್ತದೆ.

ಕಂದಕಪ್ರೇಮಿ, ದಾವಣಗೆರೆ:
ಒಪ್ಪಿದೆ. ಆದರೆ ಅಪ್ಪನ ಟಿಕೆಟ್ ಅಪ್ಪನ ಇಷ್ಟ!

ದುರ್ಗದವಳು:
ಹಳೇ ಕಾಲದ ಏಳು ಅದ್ಭುತಗಳಲ್ಲಿ ಒಂದು ಅಂತಾರಲ್ಲ, ರೋಡ್ಸ್‌ನ ಆ ದೊಡ್ಡ ಪ್ರತಿಮೆ ಈಗಲೂ ಇದೆಯಾ?

ಒನಕೆ_ಕಿಂಡಿ:
ಇಲ್ಲ. ಕ್ರಿ.ಪೂ. 226ರ ಸುಮಾರಿಗೆ ಭೂಕಂಪದಲ್ಲಿ ಬಿತ್ತು. ಬಂದರಿನ ಬಾಯಿಗೆ ಕಾಲು ಅಗಲಿಸಿ ನಿಂತಿತ್ತು ಅನ್ನೋದು ಆಮೇಲಿನವರ ಕಟ್ಟುಕತೆ. ಒಂದು ದಿನ ಅದೇ ದ್ವೀಪದ ಲಿಂಡೋಸ್ ಅನ್ನೋ ಊರಿಗೆ ಇಡಿ. ಬೆಟ್ಟದ ಮೇಲೆ ಅಥೀನಾ ದೇವಸ್ಥಾನ, ಸುತ್ತ ನೈಟ್‌ಗಳ ಗೋಡೆ. ಹತ್ತುವಾಗ ಬಂಡೆಯಲ್ಲೇ ಕೆತ್ತಿದ ಹಡಗಿನ ಹಿಂಭಾಗ ಕಾಣುತ್ತದೆ, ಸುಮ್ನೆ ದಾಟಿ ಹೋಗಬೇಡಿ. ನೆರಳು ಕಮ್ಮಿ, ಮೆಟ್ಟಿಲು ಸವೆದು ಜಾರುತ್ತವೆ, ಚಪ್ಪಲಿ ಬೇಡ, ಶೂ ಹಾಕಿ.

ಅಮ್ಮನಿಗೆ ಪಿತರೂದ್ಯಾ ಕೊಡಿಸಿ, ಕಡಲೆಕಾಳು ರುಬ್ಬಿ ಪುದೀನ, ಈರುಳ್ಳಿ ಹಾಕಿ ಕರಿದಿರುತ್ತಾರೆ. ಮೊಟ್ಟೆ ಹಾಕಿದ್ದೀರಾ ಅಂತ ಕೇಳಿಕೊಂಡೇ ಆರ್ಡರ್ ಮಾಡಿ. ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಬೀನ್ಸ್ ಕೂಡ ಸಿಗುತ್ತದೆ. ಉಪ್ಪಿನಕಾಯಿ ಮಾತ್ರ ಮನೆಯಿಂದಲೇ ಒಯ್ಯಿರಿ.